ದಿನಕ್ಕೆ ನೂರು ಗ್ರಾಂ ಜಿಡ್ಡು

ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಮಲ ಪರೀಕ್ಷೆ ಮಾಡುತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ರಕ್ತ ಪರೀಕ್ಷೆ ಮಾಡುವವರು ನೆಂಟರ ಮನೆಯಲ್ಲಿ ಊಟಕ್ಕೆ ಕೂತಾಗಲೂ ತಮ್ಮ ಕೆಲಸದ ವಿಷಯ ಮಾತಾಡಬಹುದು, ನನಗೆ ಆ ಭಾಗ್ಯವಿಲ್ಲ, ಅಷ್ಟೇ ವ್ಯತ್ಯಾಸ. ಲ್ಯಾಬಿನಲ್ಲಿ ನನ್ನನ್ನು ಮೂಗಮ್ಮ ಅಂತ ಕರೆಯುತ್ತಾರೆ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಒಳಗಿನ ಸಂಗತಿ ಅರ್ಧ ಹೇಳಿಬಿಡುತ್ತೇನೆ ಅನ್ನುವುದು ಒಂದು ಕಾರಣ. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವುದು ಇನ್ನೊಂದು. ಎರಡೂ ನಿಜ.

ಈಗ ಹೇಳಹೊರಟಿರುವುದು ನನ್ನ ಭಾವನ ಡಬ್ಬಿಯ ವಿಷಯ.

ಭಾವ ಅಂದರೆ ನನ್ನ ಅಕ್ಕನ ಗಂಡ. ಲಿಫ್ಟ್ ಮೆಕ್ಯಾನಿಕ್. ಮಾತು ಕಡಿಮೆ, ಕೈ ಚುರುಕು. ಒಂದೂವರೆ ವರ್ಷದಲ್ಲಿ ಹದಿನಾಲ್ಕು ಕಿಲೋ ಇಳಿದುಹೋದರು. ಮೊಳೆ ಕಾಯಿಸಿ ಬೆಲ್ಟಿಗೆ ಮೂರು ಹೊಸ ತೂತು ಹಾಕಿಕೊಂಡರು. ಏನಾಗಿದೆ ನಿಮಗೆ ಅಂತ ಕೇಳಿದರೆ, "ಲಿಫ್ಟಿಗೆ ಭಾರ ಕಮ್ಮಿ ಆಯ್ತು ಬಿಡಮ್ಮ" ಅಂತ ನಕ್ಕು ಸುಮ್ಮನಾಗುತ್ತಿದ್ದರು. ಊಟ ಬಿಟ್ಟಿರಲಿಲ್ಲ. ತಟ್ಟೆ ಖಾಲಿಯಾಗುತ್ತಿತ್ತು, ಮನುಷ್ಯ ಮಾತ್ರ ತುಂಬುತ್ತಿರಲಿಲ್ಲ.

ಒಂದು ದಿನ ಅವರ ಜೊತೆ ಕೆಲಸ ಮಾಡುವವನು ನನ್ನನ್ನು ಹುಡುಕಿಕೊಂಡು ಲ್ಯಾಬಿಗೇ ಬಂದ. ಎಂಟನೇ ಮಹಡಿಯಲ್ಲಿ, ಲಿಫ್ಟ್ ಓಡಾಡುವ ಆ ಕಿರಿದಾದ ಬಾವಿಯೊಳಗೆ, ಭಾವ ಕಬ್ಬಿಣದ ತೊಲೆಯ ಮೇಲೆ ಇಡಬೇಕಾದ ಕಾಲನ್ನು ಪಕ್ಕದ ಖಾಲಿ ಜಾಗದಲ್ಲಿ ಇಟ್ಟಿದ್ದರಂತೆ. ಸುರಕ್ಷಾ ಬೆಲ್ಟು ಹಿಡಿಯಿತು, ಆದರೆ ಮೈಯಲ್ಲಿ ಮಾಂಸವಿಲ್ಲದೆ ಸೊಂಟದಿಂದ ಜಾರಿ ಕಂಕುಳಿಗೆ ಬಂದು ನಿಂತಿತಂತೆ. "ಅಣ್ಣನಿಗೆ ಮಬ್ಬಲ್ಲಿ ಕಣ್ಣು ಕಾಣಿಸ್ತಿಲ್ಲ ಮೇಡಂ. ಯಾರಿಗೂ ಹೇಳ್ಬೇಡ ಅಂದಿದ್ದಾರೆ. ಇನ್ನೊಂದ್ಸಲ ಹೀಗಾದ್ರೆ ನಾನು ಅಕ್ಕನಿಗೆ ಏನಂತ ಹೇಳ್ಲಿ?" ಅಂತ ಕೇಳಿದ. ಅವತ್ತೇ ಸಂಜೆ ಭಾವನ ಮೇಲೆ ಕೂಗಾಡಿ, ಮಾರನೆಯ ದಿನ ನಮ್ಮ ಆಸ್ಪತ್ರೆಯ ಹೊಟ್ಟೆ ಡಾಕ್ಟರ ಮುಂದೆ ಕೂರಿಸಿದೆ.

ಡಾಕ್ಟರು ಕಣ್ಣಿನ ವಿಷಯ ಕೇಳಿದ್ದೇ ಹೊಟ್ಟೆಯನ್ನು ಬಿಟ್ಟು ಅದರ ಬಗ್ಗೆಯೇ ಪ್ರಶ್ನೆ ಹಾಕಿದರು. ಮಬ್ಬುಗತ್ತಲಲ್ಲಿ ನೋಡಲು ಎ ವಿಟಮಿನ್ ಬೇಕು. ಅದು ಜಿಡ್ಡಿನ ಜೊತೆಗೇ ಒಳಗೆ ಹೋಗುವ ವಿಟಮಿನ್. ಜಿಡ್ಡು ಮೈಗೆ ಹತ್ತದಿದ್ದರೆ ಅದೂ ಹತ್ತುವುದಿಲ್ಲ. "ತಿಂದ ಜಿಡ್ಡೆಲ್ಲಾ ಹಾಗೇ ಹೊರಗೆ ಹೋಗ್ತಿದೆಯೋ ಏನೋ. ಮೊದಲು ಅದನ್ನ ಅಳೆಯೋಣ. ಹೌದು ಅಂತಾದ್ರೆ ಕಾರಣ ಹುಡುಕಿ ಔಷಧಿ ಕೊಡ್ತೀನಿ. ನಾರ್ಮಲ್ ಬಂದ್ರೆ ಹೊಟ್ಟೆ ವಿಷಯ ಅಲ್ಲಿಗೆ ಬಿಟ್ಟು ಬೇರೆ ಕಡೆ ನೋಡ್ಬೇಕು" ಅಂದರು. ಕಾರಣ ಸಿಗುವ ತನಕ ಬಾವಿಗೆ ಇಳಿಯಕೂಡದು ಅಂತಲೂ ಬರೆದುಕೊಟ್ಟರು. ಭಾವ ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ ರೀತಿ ನೋಡಿಯೇ ನನಗೆ ಗೊತ್ತಾಯಿತು, ಅದು ಅಲ್ಲಿಂದ ಹೊರಗೆ ಬರುವುದಿಲ್ಲ ಅಂತ.

ಪರೀಕ್ಷೆ ಬಹಳ ಹಳೆಯದು, ಬಹಳ ಸರಳ, ಯಾರಿಗೂ ಇಷ್ಟವಿಲ್ಲದ್ದು. ಐದು ದಿನ, ದಿನಕ್ಕೆ ನೂರು ಗ್ರಾಂ ಜಿಡ್ಡು ತಿನ್ನಬೇಕು. ನಮ್ಮ ಪಟ್ಟಿಯ ಪ್ರಕಾರ ಎಂಬತ್ತು ಗ್ರಾಂ ಬೆಣ್ಣೆ, ಮೂರು ಮೊಟ್ಟೆ, ಅರ್ಧ ಲೀಟರ್ ಗಟ್ಟಿ ಹಾಲು, ಉಳಿದದ್ದು ಮಾಮೂಲಿ ಊಟದಲ್ಲಿ. ಕೊನೆಯ ಮೂರು ದಿನದ ಮಲವನ್ನೆಲ್ಲ, ಒಂದಿಷ್ಟೂ ಬಿಡದೆ, ನಾವು ಕೊಡುವ ದೊಡ್ಡ ಡಬ್ಬಿಯಲ್ಲಿ ಹಿಡಿದಿಡಬೇಕು. ನಾನು ಅದನ್ನು ತೂಗಿ, ಕಲಸಿ, ಜಿಡ್ಡನ್ನು ಬೇರ್ಪಡಿಸಿ, ಒಣಗಿಸಿ ಮತ್ತೆ ತೂಗುತ್ತೇನೆ. ನೂರು ಗ್ರಾಂ ತಿಂದವರಲ್ಲಿ ದಿನಕ್ಕೆ ಏಳು ಗ್ರಾಂ ತನಕ ಹೊರಗೆ ಬಂದರೆ ತೊಂದರೆಯಿಲ್ಲ. ಮೇಲೆ ಹೋದರೆ ತೊಂದರೆ. ಮನೆಯವರು ತುಂಬಬೇಕಾದ ಹಾಳೆಯೂ ಒಂದಿದೆ: ಹೊತ್ತು, ತಿಂದದ್ದು, ತೂಕ, ಕೊನೆಗೆ ಬಡಿಸಿದವರ ಸಹಿ.

ಈ ಹಾಳೆಯನ್ನು ಅಕ್ಕನ ಕೈಗೆ ಕೊಡುವಾಗಲೇ ನಾನು ಯೋಚಿಸಬೇಕಿತ್ತು. ನನ್ನ ಅಕ್ಕನ ಮನೆಯಲ್ಲಿ ಎಣ್ಣೆ ಬಾಟಲಿ ವಿಷದ ಹಾಗೆ ಮೇಲಿನ ಶೆಲ್ಫಿನಲ್ಲಿ ಇರುತ್ತದೆ. ಬ್ರೆಡ್ಡಿಗೆ ಬೆಣ್ಣೆ ಸವರಿ ಮತ್ತೆ ಅದನ್ನೇ ಚಾಕುವಿನಿಂದ ಹೆರೆದು ತೆಗೆಯುತ್ತಾಳೆ. ಗಂಡ ಹೊರಗೆಲ್ಲಿ ಏನು ಕರಿದದ್ದು ತಿನ್ನುತ್ತಾರೋ ಅಂತ ಮೂವತ್ತು ವರ್ಷದಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಾಳೆ. ಆ ಮನೆಯಲ್ಲಿ ಎಣ್ಣೆ ಧಾರಾಳವಾಗಿ ಖರ್ಚಾದದ್ದು ಅದೊಂದಕ್ಕೇ.

"ಎಂಬತ್ತು ಗ್ರಾಂ ಬೆಣ್ಣೆನಾ? ಒಂದೇ ದಿನಕ್ಕಾ?" ಅಂದಳು. ಮುಖ ಬಿಳಿಚಿಕೊಂಡಿತ್ತು.

"ಐದೇ ದಿನ. ನಿನ್ನ ಪುರಾಣ ಎಲ್ಲಾ ಐದು ದಿನ ಕಟ್ಟಿಡು" ಅಂದೆ. ಸಮಾಧಾನದಿಂದ ಹೇಳಬಹುದಿತ್ತು. ಹೇಳಲಿಲ್ಲ.

ಆರನೆಯ ದಿನ ಬೆಳಗ್ಗೆ ಡಬ್ಬಿ ಬಂತು, ಹಾಳೆಗಳೂ ಬಂದವು. ಅಕ್ಕನ ದುಂಡನೆಯ ಅಕ್ಷರ, ಎಲ್ಲ ತೂಕ ಪಟ್ಟಿಯ ಪ್ರಕಾರವೇ. ಸಹಿಯ ಜಾಗ ಮಾತ್ರ ಐದೂ ಹಾಳೆಯಲ್ಲಿ ಖಾಲಿ. ಮರೆತಿದ್ದಾಳೆ ಅಂದುಕೊಂಡು ಬದಿಗಿಟ್ಟೆ.

ಎರಡು ದಿನದ ಕೆಲಸ ಮುಗಿದ ಮೇಲೆ ಲೆಕ್ಕ ಬಂತು: ದಿನಕ್ಕೆ ಆರು ಪಾಯಿಂಟ್ ನಾಲ್ಕು ಗ್ರಾಂ. ನಾರ್ಮಲ್.

ನಾನು ಖುಷಿಪಡಬೇಕಿತ್ತು. ಆಗಲಿಲ್ಲ. ನನ್ನ ಅಭ್ಯಾಸದಂತೆ ಒಂದು ಚೂರನ್ನು ಗಾಜಿನ ಮೇಲೆ ಹಚ್ಚಿ, ಜಿಡ್ಡನ್ನು ಕೆಂಪಾಗಿಸುವ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದೆ. ಕಿತ್ತಳೆಗೆಂಪು ಹನಿಗಳು. ದುಂಡಗೆ, ದೊಡ್ಡದಾಗಿ, ಒಂದರ ಪಕ್ಕ ಒಂದು.

ಇದರಲ್ಲಿ ಏನು ವಿಶೇಷ ಅಂತ ಹೇಳುತ್ತೇನೆ. ಜಿಡ್ಡು ನೀರಿಗೆ ಸೇರುವುದಿಲ್ಲ, ನಮ್ಮ ಕರುಳಿನೊಳಗೆ ಇರುವುದೆಲ್ಲ ನೀರಿನ ಸಂಸಾರ. ಅದಕ್ಕೇ ದೇಹ ಎರಡು ಕೆಲಸ ಮಾಡುತ್ತದೆ. ಮೊದಲು ಪಿತ್ತರಸ ಬಂದು ದೊಡ್ಡ ಹನಿಯನ್ನು ಒಡೆದು ಸಣ್ಣ ಸಣ್ಣ ಹನಿ ಮಾಡುತ್ತದೆ. ಆಮೇಲೆ ಹೊಟ್ಟೆಯ ಹಿಂದೆ ಅಡಗಿ ಕೂತಿರುವ ಮೇದೋಜೀರಕ ಗ್ರಂಥಿಯ ರಸ ಬಂದು ಒಂದೊಂದನ್ನೂ ಕತ್ತರಿಸುತ್ತದೆ. ಕತ್ತರಿಸಿದ ಚೂರು ಮಾತ್ರ ಕರುಳಿನ ಗೋಡೆಯೊಳಗೆ ಇಳಿಯಬಲ್ಲದು, ಇಡೀ ಹನಿ ಇಳಿಯುವುದಿಲ್ಲ. ಕತ್ತರಿಸಿಯೂ ಗೋಡೆ ಹೀರದೆ ಬಿಟ್ಟ ಜಿಡ್ಡು ಸೂಕ್ಷ್ಮದರ್ಶಕದಲ್ಲಿ ಬೇರೆ ಥರ ಕಾಣುತ್ತದೆ. ಇಡೀ ಹನಿಗಳು ಹಾಗೇ ಹೊರಗೆ ಬಂದಿವೆ ಅಂದರೆ ಕತ್ತರಿಯೇ ಇಲ್ಲ ಅಂತ.

ಹನಿಗಳು ಕಾಯಿಲೆ ಇದೆ ಅನ್ನುತ್ತಿವೆ, ತೂಕ ಇಲ್ಲ ಅನ್ನುತ್ತಿದೆ. ಡಾಕ್ಟರಿಗೆ ಹೋಗುವುದು ತೂಕ. ಸಂಜೆ ನಾಲ್ಕಕ್ಕೆ ರಿಪೋರ್ಟು ಬೇಕು ಅಂದಿದ್ದರು. ನಾನು ಸಹಿ ಹಾಕಿದರೆ ಭಾವನಿಗೆ ಔಷಧಿ ಸಿಗುವುದಿಲ್ಲ, ಅವರು ಮತ್ತೆ ಆ ಬಾವಿಗೆ ಇಳಿಯುತ್ತಾರೆ, ಇಳಿಯಬೇಡಿ ಅನ್ನಲು ಯಾರ ಹತ್ತಿರವೂ ಕಾರಣ ಇರುವುದಿಲ್ಲ. ಪೆನ್ನಿನ ಕ್ಯಾಪು ಹಾಕಿ, ಅರ್ಧ ದಿನ ರಜೆ ಬರೆದು ಅಕ್ಕನ ಮನೆಗೆ ಹೊರಟೆ.

ಪರೀಕ್ಷೆಗೆಂದು ಹಾಕಿದ್ದ ರಜೆ ಮುಗಿದಿರಲಿಲ್ಲ, ಭಾವ ಮನೆಯಲ್ಲೇ ಇದ್ದರು. ಕಿಟಕಿಯ ಹತ್ತಿರ ಕೂತು ಒಂದು ಹಳೆಯ ಮೋಟಾರು ಬಿಚ್ಚುತ್ತಿದ್ದರು. ಅಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

"ಭಾವ, ಬೆಣ್ಣೆ ಹೇಗಿತ್ತು?" ಅಂದೆ.

"ಯಾವ ಬೆಣ್ಣೆ?"

"ಐದು ದಿನ ತಿಂದ್ರಲ್ಲ. ಬೇಜಾರಾಗ್ಲಿಲ್ವಾ?"

"ಬೇಜಾರಾಗೋಕೆ ಏನಿದೆ, ಯಾವತ್ತಿನ ಹಾಗೇ ಇತ್ತು" ಅಂದರು. ಅಂದವರು ತಟ್ಟನೆ ಸ್ಕ್ರೂಡ್ರೈವರ್ ಕೆಳಗಿಟ್ಟು ಅಡುಗೆಮನೆಯ ಕಡೆ ನೋಡಿದರು.

ಇಪ್ಪತ್ತಾರು ವರ್ಷದಲ್ಲಿ ಈ ಪರೀಕ್ಷೆಗೆ ಬಂದ ಒಬ್ಬರೂ ಬೆಣ್ಣೆಯನ್ನು ಬೈಯದೆ ಹೋದದ್ದಿಲ್ಲ. ಎರಡನೆಯ ದಿನಕ್ಕೇ ಫೋನ್ ಮಾಡಿ ಅಳುತ್ತಾರೆ. ಬೆಣ್ಣೆ ಅಂದರೆ ಪ್ರಾಣ ಬಿಡುವ ಒಬ್ಬ ದಡೂತಿ ಲಾರಿ ಡ್ರೈವರು ಮೂರನೆಯ ದಿನ ಕೈಮುಗಿದಿದ್ದ. ಯಾವತ್ತಿನ ಹಾಗೇ ಇತ್ತಂತೆ! ನಾನು ನೆಟ್ಟಗೆ ಅಡುಗೆಮನೆಗೆ ಹೋಗಿ, ಅಕ್ಕನನ್ನು ಕೇಳದೆಯೇ ಫ್ರಿಜ್ಜಿನ ಬಾಗಿಲು ತೆಗೆದೆ. ಮೇಲಿನ ಫ್ರೀಜರಿನಲ್ಲಿ, ಬಟಾಣಿ ಚೀಲದ ಹಿಂದೆ, ಬಿಳಿ ಕಾಗದದಲ್ಲಿ ಸುತ್ತಿದ ಐದು ಪೊಟ್ಟಣ. ಒಂದೊಂದರ ಮೇಲೂ ದುಂಡನೆಯ ಅಕ್ಷರ: ಒಂದನೇ ದಿನ, ಎಪ್ಪತ್ತೆರಡು ಗ್ರಾಂ. ಎರಡನೇ ದಿನ, ಎಪ್ಪತ್ತು ಗ್ರಾಂ. ಹೀಗೆ.

"ಏನಿದು?" ಅಂತ ಕಿರುಚಿದೆ.

ಅಕ್ಕ ನಲ್ಲಿ ನಿಲ್ಲಿಸಲಿಲ್ಲ. "ಎಸೆಯೋಕೆ ಮನಸ್ಸು ಬರ್ಲಿಲ್ಲ" ಅಂದಳು.

"ಹಾಲು?"

"ಕೆನೆ ತೆಗ್ದು ಕೊಟ್ಟೆ."

"ಮೊಟ್ಟೆ?"

"ಒಂದು. ಉಳಿದದ್ದರಲ್ಲಿ ಬಿಳಿ ಭಾಗ ಮಾತ್ರ."

ಆಮೇಲೆ ನಾನು ಏನೇನು ಬೈದೆ ಅಂತ ಬರೆಯಲು ನನಗೇ ಮನಸ್ಸಿಲ್ಲ. ಇವರು ಬಾವಿಗೆ ಬಿದ್ದು ಸತ್ತರೆ ನಿನ್ನ ಈ ಪೊಟ್ಟಣಗಳನ್ನು ಇಟ್ಟುಕೊಂಡು ಏನು ಮಾಡುತ್ತೀಯಾ ಅಂತಲೂ ಅಂದೆ. ಭಾವ ಬಾಗಿಲಿಗೆ ಬಂದು ನಿಂತರು.

"ಬಿಡಮ್ಮ. ನನಗೂ ಗೊತ್ತಿತ್ತು" ಅಂದರು. "ಬ್ರೆಡ್ಡಿಗೆ ಬೆಣ್ಣೆ ಹಚ್ಚೋವಾಗ ಇವಳ ಕೈ ನಡುಗ್ತಿತ್ತು. ಕೇಳೋದು ಹೇಗೆ? ಸ್ವಲ್ಪ ಕಮ್ಮಿ ತಿಂದ್ರೆ ಏನಾಗತ್ತೆ ಅಂದ್ಕೊಂಡೆ."

"ಸ್ವಲ್ಪಾನಾ? ಊಟದ್ದೂ ಸೇರಿ ಇಪ್ಪತ್ತೆರಡು ಗ್ರಾಂ ಜಿಡ್ಡು ತಿಂದಿದ್ದೀರಿ ದಿನಕ್ಕೆ! ಅದರಲ್ಲಿ ಆರು ಗ್ರಾಂ ಹೊರಗೆ ಬಂದಿದೆ. ಹತ್ತಿರ ಹತ್ತಿರ ಮೂರನೇ ಒಂದು ಭಾಗ. ನೂರು ತಿಂದು ಆರು ಅಂದ್ರೆ ನಾರ್ಮಲ್, ಇಪ್ಪತ್ತೆರಡು ತಿಂದು ಆರು ಅಂದ್ರೆ ಕಾಯಿಲೆ!"

ಅಕ್ಕ ಈಗ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

"ನನ್ನ ಕೈಲಿ ಆಗ್ಲಿಲ್ಲ" ಅಂದಳು. "ಅಪ್ಪನಿಗೆ ಕೊಟ್ಟ ಕೈ ಇದು."

ನಮ್ಮ ಅಪ್ಪ ಅಂಚೆಯವರು. ಅಮ್ಮ ಮೊದಲೇ ತೀರಿಕೊಂಡಿದ್ದಳು, ಮನೆಯ ಅಡುಗೆ ಹತ್ತೊಂಬತ್ತರ ಅಕ್ಕನದು. ಒಂದು ಭಾನುವಾರ ಬೆಳಗ್ಗೆ ಅಪ್ಪ ಬೆಣ್ಣೆಯಲ್ಲಿ ಹುರಿದ ಬ್ರೆಡ್ಡು, ಮೊಟ್ಟೆ ತಿಂದು, ಚೆನ್ನಾಗಿದೆ ಇನ್ನೊಂದು ಹಾಕು ಅಂತ ಕೇಳಿ ಹಾಕಿಸಿಕೊಂಡು, ಒಂದು ಗಂಟೆಯ ಮೇಲೆ ಹೊಸಿಲ ಹತ್ತಿರ ಎದೆ ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ. ಮನೆಗೆ ಬಂದ ಡಾಕ್ಟರು ಜಿಡ್ಡು ತಿಂದು ತಿಂದು ರಕ್ತನಾಳ ಕಟ್ಟಿಕೊಂಡಿದೆ ಅಂದರು. ಇಷ್ಟು ನನಗೆ ನೆನಪಿದೆ. ನನಗಾಗ ಹತ್ತು ವರ್ಷ.

"ಡಾಕ್ಟರು ಹೇಳಿದ್ದು ಹಾಗಿರ್ಲಿ" ಅಂದಳು ಅಕ್ಕ. "ನೀನು ಮೂಲೇಲಿ ನಿಂತಿದ್ದೆ. ನನ್ನ ಕಡೆ ಬೆರಳು ಮಾಡಿ, 'ನೀನೇ ಕೊಟ್ಟಿದ್ದು' ಅಂದೆ. ಎಲ್ಲರ ಮುಂದೆ."

ನನಗೆ ನೆನಪಿಲ್ಲ. ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ನೆನಪಿಲ್ಲ. ಆದರೆ ಅಂದಿರುತ್ತೇನೆ ಅಂತ ಗೊತ್ತು. ಹತ್ತು ವರ್ಷದಲ್ಲೂ ನನ್ನ ಬಾಯಿ ಹೀಗೇ ಇತ್ತು. ಅಂದವಳು ಮರೆತು, ಬೆಳೆದು, ಓದಿ, ಕೆಲಸಕ್ಕೆ ಸೇರಿದೆ. ಕೇಳಿಸಿಕೊಂಡವಳು ಎಣ್ಣೆ ಬಾಟಲಿಯನ್ನು ಮೇಲಿನ ಶೆಲ್ಫಿನಲ್ಲಿಟ್ಟಳು. ಅವಳು ಎಣ್ಣೆಯನ್ನು ಚಮಚದಲ್ಲಿ ಅಳೆಯುವುದನ್ನು ನೋಡಿ ಎಷ್ಟು ವರ್ಷ ಆಡಿಕೊಂಡು ನಕ್ಕಿದ್ದೇನೆ.

"ಒಂದು ತಟ್ಟೆಯಿಂದ ಯಾರೂ ಸಾಯಲ್ಲ ಅಕ್ಕ. ಅದು ಇಪ್ಪತ್ತು ಮೂವತ್ತು ವರ್ಷದ ಕಟ್ಟು" ಅಂದೆ.

"ಅದು ನಿನಗೆ ಓದಿದ್ಮೇಲೆ ಗೊತ್ತಾಯ್ತು. ನನಗೆ ಯಾರು ಹೇಳಿದ್ರು?"

ಹೇಳಬೇಕಾದವಳು ನಾನೇ. ಇಡೀ ದಿನ ಅಪರಿಚಿತರಿಗೆ ಹೇಳುತ್ತೇನೆ, ಮನೆಯಲ್ಲಿ ಮಾತ್ರ ಬಾಯಿ ಬೇರೆ ಕೆಲಸಕ್ಕೆ ಬಳಕೆಯಾಗುತ್ತದೆ. ಸಿಂಕಿನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಬೆಣ್ಣೆಯ ಒಂದು ಪೊಟ್ಟಣ ಬಿಚ್ಚಿ ಒಂದು ಚೂರನ್ನು ಬಿಸಿ ಬಾಣಲೆಯಲ್ಲಿ ಕರಗಿಸಿ, ನೀರು ಸುರಿದೆ. ಹಳದಿ ಹನಿಗಳು ತೇಲಿದವು. ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ ಬಿಟ್ಟು ಕಲಕಿದಾಗ ಅವು ಒಡೆದು ನೀರು ಹಾಲಿನ ಹಾಗೆ ಬೆಳ್ಳಗಾಯಿತು.

"ಪಿತ್ತರಸ ಮಾಡೋದು ಇಷ್ಟೇ. ಭಾವನಿಗೆ ಇಲ್ಲೀ ತನಕ ಸರಿ ಇದೆ. ಆಮೇಲೆ ಕತ್ತರಿಸೋ ರಸ ಬರ್ಬೇಕು. ಅದು ಬರ್ತಿಲ್ಲ. ಕತ್ತರಿಸಿದ್ರೆ ಏನಾಗತ್ತೆ ಗೊತ್ತಾ? ಚೂರುಗಳು ಕರುಳಿನ ಗೋಡೆ ಒಳಗೆ ಹೋಗ್ತವೆ. ಒಳಗೆ ಹೋಗಿ ಮತ್ತೆ ಕೂಡ್ಕೊಂಡು, ಸಣ್ಣ ಸಣ್ಣ ಗಂಟು ಕಟ್ಕೊಂಡು ಹೊರಡ್ತವೆ. ಆ ಗಂಟಿನೊಳಗೇ ಕಣ್ಣಿನ ವಿಟಮಿನ್ನು. ಅದು ನೇರ ರಕ್ತಕ್ಕೆ ಹೋಗಲ್ಲ. ಹಾಲಿನ ಬಣ್ಣದ ದುಗ್ಧರಸದ ನಾಳ ಅಂತ ಬೇರೆ ಇದೆ, ಅದರಲ್ಲಿ ನಿಧಾನಕ್ಕೆ ಎದೆ ಮೇಲೆ ಹತ್ತಿ, ಇಲ್ಲಿ, ಕತ್ತಿನ ಹತ್ತಿರ ರಕ್ತಕ್ಕೆ ಸೇರತ್ತೆ." ನನ್ನ ಎಡ ಭುಜದ ಬುಡ ಮುಟ್ಟಿ ತೋರಿಸಿದೆ. "ಜಿಡ್ಡು ಶತ್ರು ಅಲ್ಲ ಅಕ್ಕ. ಅತಿ ಆದ್ರೆ ಕೆಟ್ಟದ್ದು, ಇಲ್ಲದಿದ್ರೂ ಕೆಟ್ಟದ್ದು. ಇವರಿಗೆ ಇಲ್ಲ."

ಭಾವ ಬಾಣಲೆಯೊಳಗೆ ಇಣುಕಿ ನೋಡಿದರು. "ಅಂದ್ರೆ ಮೋಟಾರು ಸರಿ ಇದೆ, ಗೇರು ಇಲ್ಲ" ಅಂದರು. ಅಕ್ಕ ನಗಲಿಲ್ಲ, ಆದರೆ ಆ ಬಾಣಲೆಯನ್ನು ಬಹಳ ಹೊತ್ತು ನೋಡಿದಳು.

ಮೂರೂವರೆಗೆ ಡಾಕ್ಟರ ಕೋಣೆಯಲ್ಲಿದ್ದೆ. ಹಾಳೆಯಲ್ಲಿ ಬರೆದದ್ದು ಸುಳ್ಳು, ಬರೆದವಳು ನನ್ನ ಒಡಹುಟ್ಟಿದವಳು, ಈ ತೂಕಕ್ಕೆ ನಾನು ಸಹಿ ಹಾಕುವುದಿಲ್ಲ ಅಂದೆ. ಪೊಟ್ಟಣಗಳ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು, "ಸುಳ್ಳು ಬರೆಯೋರು ಉಳಿದ ಬೆಣ್ಣೆ ತೂಕ ಮಾಡಿ ಇಟ್ಟಿರ್ತಾರಾ?" ಅಂತ ಕೇಳಿದರು. ನನಗೆ ಅದು ಹೊಳೆದೇ ಇರಲಿಲ್ಲ, ಐದು ಹಾಳೆಯಲ್ಲೂ ಸಹಿ ಖಾಲಿ ಇದ್ದದ್ದು ಮರೆವಲ್ಲ ಅನ್ನುವುದೂ. "ಇನ್ನೊಮ್ಮೆ ಮಾಡಿ. ಈ ಸಲ ಬಡಿಸೋದು ನೀವು" ಅಂದರು.

ಆ ಐದು ದಿನ ಬೆಳಗ್ಗೆ ಸಂಜೆ ನಾನೇ ಹೋಗಿ ಬಡಿಸಿದೆ, ಮಧ್ಯಾಹ್ನದ್ದನ್ನು ಟಿಫಿನ್ ಕ್ಯಾರಿಯರಿಗೆ ಹಾಕಿಟ್ಟು ಬಂದೆ, ಹಾಳೆಯಲ್ಲಿ ನನ್ನದೇ ಸಹಿ. ಅಕ್ಕ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ, ಹಿಂದಿನ ಬಾಲ್ಕನಿಗೆ ಹೋಗಿ ಬಟ್ಟೆ ಮಡಚುತ್ತಿದ್ದಳು. ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಭಾವ ಎರಡನೆಯ ದಿನಕ್ಕೇ ಬೆಣ್ಣೆಯನ್ನು ಬೈಯಲು ಶುರು ಮಾಡಿದರು. ಕಿವಿಗೆ ಹಿತವಾಯಿತು.

ಲೆಕ್ಕ ಬಂತು: ದಿನಕ್ಕೆ ಮೂವತ್ತೇಳು ಗ್ರಾಂ.

ಇನ್ನೊಂದೆರಡು ಪರೀಕ್ಷೆ ಆಗಿ, ಗ್ರಂಥಿ ಸುಸ್ತಾಗಿದೆ, ಗಡ್ಡೆಗಿಡ್ಡೆ ಏನೂ ಇಲ್ಲ ಅಂತ ಖಚಿತವಾಯಿತು. ಡಾಕ್ಟರು ಕತ್ತರಿಸುವ ರಸವನ್ನೇ ಪುಡಿ ಮಾಡಿ ತುಂಬಿದ ಕ್ಯಾಪ್ಸೂಲು ಕೊಟ್ಟರು. ಊಟ ಆದ ಮೇಲೆ ನುಂಗುವ ಮಾತ್ರೆಯಲ್ಲ, ಮೊದಲ ತುತ್ತಿನ ಜೊತೆಗೇ ಹೋಗಬೇಕು. ಊಟ ಕೆಳಗಿಳಿದ ಮೇಲೆ ಕತ್ತರಿ ಹೋಗಿ ಪ್ರಯೋಜನವಿಲ್ಲ. ಕಣ್ಣಿಗೆ ಬೇರೆ ವಿಟಮಿನ್ನು. ಮೂರು ವಾರಕ್ಕೆ ಭಾವ ಸಂಜೆ ಮೆಟ್ಟಿಲನ್ನು ಕೈಗಂಬಿ ಹಿಡಿಯದೆ ಇಳಿದರು. ಎರಡು ತಿಂಗಳಿಗೆ ಐದು ಕಿಲೋ ಬಂತು, ಬೆಲ್ಟಿನ ಕೊನೆಯ ಎರಡು ತೂತು ಕೆಲಸ ಬಿಟ್ಟವು. ಡಾಕ್ಟರು ಚೀಟಿ ಬದಲಾಯಿಸಿ ಬರೆದುಕೊಟ್ಟರು, ಅವರು ಮತ್ತೆ ಬಾವಿಗೆ ಇಳಿದರು.

ಕ್ಯಾಪ್ಸೂಲಿನ ಪ್ರಮಾಣ ಸಾಕೋ ಹೆಚ್ಚಿಸಬೇಕೋ ಅಂತ ನೋಡಲು ಡಾಕ್ಟರು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಬರೆದರು. ಮತ್ತೆ ಐದು ದಿನ, ನೂರು ಗ್ರಾಂ. ಮೊದಲ ದಿನ ಬೆಳಗ್ಗೆ ನಾನು ಬೆಣ್ಣೆ, ತೂಕದ ಯಂತ್ರ ಎಲ್ಲ ಚೀಲಕ್ಕೆ ಹಾಕಿಕೊಂಡು ಏಳೂವರೆಗೇ ಅಕ್ಕನ ಮನೆಯ ಬೆಲ್ ಒತ್ತಿದೆ. ಬಾಗಿಲು ತೆಗೆದವರು ಭಾವ. ಬಾಯಲ್ಲಿ ತುತ್ತಿತ್ತು.

"ಆಗ್ಲೇ ಶುರುವಾಯ್ತು" ಅಂದರು. "ಮಾತ್ರೆ ನುಂಗಿದೆ. ಬೆಣ್ಣೆ ಸಾಕಪ್ಪ ಅಂದ್ರೂ ಬಿಡ್ತಿಲ್ಲ ನಿಮ್ಮಕ್ಕ."

ಅಕ್ಕ ಮೇಜಿನ ಹತ್ತಿರ ನಿಂತಿದ್ದಳು. ಬ್ರೆಡ್ಡಿನ ಮೇಲೆ ಬೆಣ್ಣೆ ದಪ್ಪಗೆ, ಚಾಕುವಿನ ಗುರುತು ಕಾಣುವ ಹಾಗೆ ಹಚ್ಚಿತ್ತು. ಎರಡು ಮೊಟ್ಟೆ, ಹಳದಿ ಸಮೇತ. ಕೆನೆ ಕಟ್ಟಿದ ಹಾಲು. ಭಾವ ಬಂದು ಕೂತು ಇನ್ನೊಂದು ತುತ್ತು ಕಚ್ಚುವುದನ್ನು, ಅಗಿಯುವುದನ್ನು, ನುಂಗುವುದನ್ನು ಕಣ್ಣು ತೆಗೆಯದೆ ನೋಡಿದಳು. ನಾನು ಚೀಲವನ್ನು ಕೆಳಗಿಟ್ಟು ಸುಮ್ಮನೆ ನಿಂತೆ. ಅಷ್ಟು ಹೊತ್ತು ಸುಮ್ಮನಿದ್ದದ್ದು ನನ್ನ ಜೀವಮಾನದಲ್ಲೇ ಮೊದಲಿರಬೇಕು.

ತಟ್ಟೆ ಖಾಲಿಯಾದ ಮೇಲೆ ಅವಳು ಹಾಳೆಯನ್ನು ಎಳೆದುಕೊಂಡು ಹೊತ್ತು ಬರೆದಳು, ತೂಕ ಬರೆದಳು. ಕೊನೆಯ ಜಾಗದಲ್ಲಿ, ಬಡಿಸಿದವರ ಸಹಿ ಅಂತ ಇರುವಲ್ಲಿ, ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತನ್ನ ಹೆಸರನ್ನು ಪೂರ್ತಿ, ದುಂಡಗೆ ಬರೆದು ನನ್ನ ಕಡೆ ತಳ್ಳಿದಳು.

"ನೋಡು, ಸರಿ ಇದೆಯಾ?"

ನಾನು ಓದಿದೆ. ಅಕ್ಷರ ಮಂಜಾಗಿ ಕಾಣುತ್ತಿತ್ತು, ನನ್ನ ಕಣ್ಣಿನಲ್ಲಿ ಯಾವ ವಿಟಮಿನ್ನೂ ಕಮ್ಮಿ ಇರಲಿಲ್ಲ. ಹತ್ತು ವರ್ಷದವಳಿದ್ದಾಗ ಬೆರಳು ಮಾಡಿ ಆಡಿದ್ದ ಮಾತನ್ನು, ಈ ಸಲ ಅವಳ ಕೈ ಹಿಡಿದುಕೊಂಡು, ಭಾವನಿಗೂ ಕೇಳಿಸುವ ಹಾಗೆ ಹೇಳಿದೆ.

"ನೀನೇ ಕೊಟ್ಟಿದ್ದು, ಅಕ್ಕ."